ಹೆಸರು ಕರೆದು ಹತ್ತಿರ ಹೋಗು

ನಮ್ಮ ಸೋದರಮಾವ ಹದಿನೇಳು ವರ್ಷ ಯಾರ ಮುಂದೆಯೂ ಬಾಯಿಬಿಡದ ಸಂಗತಿಯನ್ನು ಮಾಥೇರಾನ ಗಿರಿಧಾಮದ ಒಂದು ಕುದುರೆ ಲಾಯದ ಮುಂದೆ, ಶೇಕೋಟಿಯ ಬೆಂಕಿಗೆ ಅಂಗೈ ಒಡ್ಡಿಕೊಂಡು ಹೇಳಿದ. ಕೇಳಿಸಿಕೊಂಡವರು ಅತ್ತೆ, ನಾನು, ಕುದುರೆಯ ಧಣಿ ಚಾಚಾ ಮತ್ತು ಅವರ ಮೊಮ್ಮಗ. ಪಕ್ಕದಲ್ಲಿ ಬಿಜಲಿ ಎಂಬ ಕಂದು ಹೆಣ್ಣುಕುದುರೆ ನಿಂತಿತ್ತು. 2016ರ ಡಿಸೆಂಬರ್. ನಮ್ಮ ಮನೆಯಲ್ಲಿ ಚಳಿಗಾಲಕ್ಕೆ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಆದರೆ ಆ ರಾತ್ರಿಯನ್ನಷ್ಟೇ ಹೇಳಿದರೆ ಅರ್ಥವಾಗುವುದಿಲ್ಲ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮಾವ ಬೈಲಹೊಂಗಲದ ಕಡೆಯವನು. ಬೆಳಗಾವಿ ಸೀಮೆಯಲ್ಲಿ ಮಿಲಿಟ್ರಿಗೆ ಹೋದವರಿಲ್ಲದ ಹಳ್ಳಿ ಕಡಿಮೆ. ಇವನು ಸೇರಿದ್ದು ಆರ್ಮಿ ಸರ್ವಿಸ್ ಕೋರ್‌ಗೆ, ಅದರಲ್ಲೂ ಎ.ಟಿ.ಗೆ. ಎ.ಟಿ. ಅಂದರೆ ಅನಿಮಲ್ ಟ್ರಾನ್ಸ್‌ಪೋರ್ಟ್. ಲಾರಿ ಹತ್ತದ ಬೆಟ್ಟಕ್ಕೆ ರೇಷನ್, ಸೀಮೆಎಣ್ಣೆ, ಮದ್ದುಗುಂಡು ಹೊತ್ತೊಯ್ಯುವ ಹೇಸರಗತ್ತೆಗಳ ಪಡೆ. ಅವರು ಖಚ್ಚರ್ ಅನ್ನುತ್ತಾರೆ. ಒಂದೊಂದರ ಗೊರಸಿನ ಮೇಲೂ ನಂಬರ್ ಇರುತ್ತದೆ. ಬೆಳಗ್ಗೆ ಎದ್ದವನು ತನ್ನ ಮುಖ ತೊಳೆಯುವ ಮೊದಲು ಖಚ್ಚರಿಗೆ ನೀರು ಕುಡಿಸಬೇಕು, ಅದರ ಮೈ ಉಜ್ಜಬೇಕು, ನಾಲ್ಕೂ ಗೊರಸು ಎತ್ತಿ ಕಲ್ಲು ಸಿಕ್ಕಿದೆಯೇ ನೋಡಬೇಕು. ಆಮೇಲೆ ಅವನ ಚಹ. ರಜೆಯಲ್ಲಿ ಊರಿಗೆ ಬಂದಾಗ ಇದನ್ನೆಲ್ಲ ನಮಗೆ ಹೇಳಿ ನಗಿಸುತ್ತಿದ್ದ ಮನುಷ್ಯ, 1999ರ ಕಾರ್ಗಿಲ್ ಯುದ್ಧ ಮುಗಿಸಿ ಬಂದ ಮೇಲೆ ಖಚ್ಚರಿನ ಸುದ್ದಿಯನ್ನೇ ಎತ್ತಲಿಲ್ಲ. ದ್ರಾಸ್‌ನಲ್ಲಿದ್ದ ಅನ್ನುವುದಷ್ಟೇ ನಮಗೆ ಗೊತ್ತಿತ್ತು.

ನಿವೃತ್ತಿಯಾದ ಮೇಲೆ ಅಕ್ಕನ ಮನೆ ಹತ್ತಿರವಿರಲಿ ಎಂದು ಡೊಂಬಿವಲಿಗೆ ಬಂದು, ನಮ್ಮ ಹಾಗೆಯೇ ಪೂರ್ವದ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ವಿಭಾಗದಲ್ಲಿ ಮನೆ ಮಾಡಿದ. ನವಿ ಮುಂಬಯಿಯ ಮಹಾಪೆಯಲ್ಲಿ ಸೆಕ್ಯುರಿಟಿ ಕೆಲಸ. ರಾತ್ರಿ ಪಾಳಿಯನ್ನೇ ಕೇಳಿ ತೆಗೆದುಕೊಂಡಿದ್ದ. ಪಗಾರ ಹೆಚ್ಚೆಂದು ಅಲ್ಲ, ರಾತ್ರಿ ಹೇಗಿದ್ದರೂ ನಿದ್ದೆ ಇಲ್ಲ. ದೀಪಾವಳಿಯಲ್ಲಿ ಪಟಾಕಿ ಶುರುವಾದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂರುತ್ತಿದ್ದ. ಹೋಟೆಲಿಗೆ ಹೋದರೆ ಬಾಗಿಲಿಗೆ ಮುಖ, ಗೋಡೆಗೆ ಬೆನ್ನು. ಮಿಲಿಟ್ರಿಯವರ ಶಿಸ್ತು ಹೀಗೇ ಇರುತ್ತದೆ ಅಂದುಕೊಂಡು ನಾವೆಲ್ಲ ಸುಮ್ಮನಿದ್ದೆವು. ಅತ್ತೆಗೆ ಮಾತ್ರ ಗೊತ್ತಿತ್ತು, ಇದು ಶಿಸ್ತಲ್ಲ ಅಂತ.

2016ರ ಮೇ 26, ಗುರುವಾರ, ಮಧ್ಯಾಹ್ನಕ್ಕೆ ಮುಂಚೆ ನಮ್ಮ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಯೊಂದು ಸಿಡಿಯಿತು. ಡೊಂಬಿವಲಿಯವರಿಗೆ ಆ ದಿನ ಮರೆತಿಲ್ಲ. ಹನ್ನೆರಡು ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿಗೆ ಗಾಯ. ಎಷ್ಟೋ ದೂರದ ಕಟ್ಟಡಗಳ ಗಾಜೂ ಉದುರಿತು. ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಒರಗಿದ್ದ ಮಾವನ ಮೈಮೇಲೆ ಕಿಟಕಿಯ ಗಾಜು ಬಿತ್ತು. ಗಾಯ ಸಣ್ಣದು. ಆದರೆ ಅತ್ತೆ ಒಳಗೆ ಓಡಿಬಂದಾಗ ಅವನು ಮಂಚದ ಕೆಳಗೆ ಮಲಗಿ, ಹಿಂದಿಯಲ್ಲಿ, ಯಾರಿಗೋ ತಲೆ ಬಗ್ಗಿಸಿ ಬಗ್ಗಿಸಿ ಎಂದು ಕೂಗುತ್ತಿದ್ದನಂತೆ.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ಕುಕ್ಕರ್ ಸೀಟಿ ಹೊಡೆದರೂ ಜಿಗಿದೇಳುವುದು. ರಾತ್ರಿಯೆಲ್ಲ ಚಿಲಕ ನೋಡುತ್ತ ತಿರುಗುವುದು. ಒಂದು ಬೆಳಗಿನ ಜಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನಿಗೆ ಅತ್ತೆ ಹಿಂದಿನಿಂದ ಹೋಗಿ ಚಾದರ ಹೊದಿಸಲು ನೋಡಿದಳು. ಕಣ್ಣು ತೆರೆಯುವ ಮೊದಲೇ ಅವಳ ಕೈ ತಿರುಚಿ ಗೋಡೆಗೆ ಒತ್ತಿದ್ದ. ಎಚ್ಚರವಾದ ಮೇಲೆ ತಾನು ಮಾಡಿದ್ದನ್ನು ನೋಡಿ ಅಳಲಿಲ್ಲ, ಮಾತಾಡಲಿಲ್ಲ, ಹಾಸಿಗೆ ಸುತ್ತಿಕೊಂಡು ಗ್ಯಾಲರಿಗೆ ಹೋದ. ಆವತ್ತಿನಿಂದ ಅಲ್ಲೇ ಮಲಗಿದ. ಅತ್ತೆಯ ಮಣಿಕಟ್ಟಿನ ಬಾವು ಎರಡೇ ದಿನಕ್ಕೆ ಇಳಿಯಿತು.

ಮಿಲಿಟ್ರಿ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಮನೋವೈದ್ಯರು ಸಮಾಧಾನದಿಂದ ಮಾತಾಡಿಸಿ ಮಾತ್ರೆ ಕೊಟ್ಟರು. ಇದಕ್ಕೊಂದು ಹೆಸರಿದೆ, ಚಿಕಿತ್ಸೆಯೂ ಇದೆ, ನಾಚಿಕೆಪಡುವಂಥದ್ದೇನಲ್ಲ ಅಂದರು. ಆ ಮಾತ್ರೆ ಇಲ್ಲದಿದ್ದರೆ ಮುಂದೆ ಹೇಳುವುದು ಯಾವುದೂ ನಡೆಯುತ್ತಿರಲಿಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ಮಾತ್ರೆಯಿಂದ ನಡುಕ ಕಡಿಮೆಯಾಯಿತು, ಆದರೆ ಬಾಯಿ ತೆರೆಯಲಿಲ್ಲ. ವಾರಕ್ಕೊಮ್ಮೆ ಕೂತು ನಡೆದದ್ದನ್ನು ಹೇಳಿ ಎಂದು ಡಾಕ್ಟರ್ ಎಷ್ಟು ಕೇಳಿದರೂ "ಸಬ್ ಠೀಕ್ ಹೈ ಸಾಬ್" ಅನ್ನುವುದೊಂದೇ ಉತ್ತರ.

ಡಿಸೆಂಬರಿನ ಕೊನೆಗೆ ಮಕ್ಕಳ ರಜೆ ಇತ್ತು. ಮಾಥೇರಾನಕ್ಕೆ ಹೋಗೋಣ, ಮಾವನನ್ನೂ ಎಳೆದುಕೊಂಡು ಹೋಗೋಣ ಅಂದೆ. ಕುದುರೆಯ ವಿಚಾರ ನನ್ನ ತಲೆಯಲ್ಲಿ ಇರಲೇ ಇಲ್ಲ. ಅಲ್ಲಿ ಮೋಟಾರು ಇಲ್ಲ, ಹಾರ್ನ್ ಇಲ್ಲ, ಅಷ್ಟೇ ನನ್ನ ಲೆಕ್ಕ. ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹಿಡಿದರೆ ಕಲ್ಯಾಣ, ಅಂಬರನಾಥ, ಬದಲಾಪುರ ದಾಟಿ ನೇರಳ್. 1907ರಿಂದ ಓಡುತ್ತಿದ್ದ ಪುಟ್ಟ ರೈಲು ಆ ವರ್ಷದ ಮೇ ತಿಂಗಳಿಂದ ನಿಂತಿತ್ತು, ಹಾಗಾಗಿ ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾ. ಅಲ್ಲಿಂದ ಮುಂದೆ ಆಗ ಕಾಲ್ನಡಿಗೆ, ಕೈಗಾಡಿ ಇಲ್ಲವೇ ಕುದುರೆ. ನೋಟು ರದ್ದಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಜನರ ಕೈಯಲ್ಲಿ ಚಿಲ್ಲರೆ ಇಲ್ಲ. ಕೆಂಪು ಮಣ್ಣಿನ ದಾರಿಯುದ್ದಕ್ಕೂ ಗಿರಾಕಿ ಇಲ್ಲದ ಕುದುರೆಗಳು ಸಾಲುಗಟ್ಟಿ ನಿಂತಿದ್ದವು.

ಸಂಜೆ ಲಾಡ್ಜಿನಿಂದ ತಿರುಗಾಡಲು ಹೋದ ಮಾವ ಕತ್ತಲಾದರೂ ಬರಲಿಲ್ಲ. ನಾನು, ಅತ್ತೆ ಟಾರ್ಚ್ ಹಿಡಿದು ಹುಡುಕಿಕೊಂಡು ಹೋದೆವು. ಪೇಟೆಯಿಂದ ಆಚೆ, ತಗಡಿನ ಮಾಡಿನ ಒಂದು ಲಾಯದ ಹತ್ತಿರ ನಿಂತಿದ್ದ. ಅವನ ಎದುರಿಗೆ, ತುಸು ದೂರದಲ್ಲಿ, ಒಂಟಿಯಾಗಿ ಕಟ್ಟಿದ ಬಿಜಲಿ. ಮಳೆಗಾಲದಲ್ಲಿ ಇಳಿಜಾರಿನಲ್ಲಿ ಜಾರಿಬಿದ್ದಾಗಿನಿಂದ ಅದು ಹಿಂದೆ ಯಾರು ಸುಳಿದರೂ ಒದೆಯುತ್ತದೆ, ಮೇಲೆ ಜನರನ್ನು ಕೂರಿಸಿಕೊಳ್ಳುವುದಿಲ್ಲ, ದುಡಿಯದ ಕುದುರೆಗೆ ಕಡಲೆ ಎಲ್ಲಿಂದ ತರಲಿ, "ಬೇಚನಾ ಪಡೇಗಾ" ಎಂದು ಚಾಚಾ ಹೇಳುತ್ತಿದ್ದರು. ಮಾವ ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ, ಕಣ್ಣು ಮಾತ್ರ ಕುದುರೆಯ ಕಿವಿಯ ಮೇಲಿತ್ತು.

ಆಗ ದಾರಿಯಲ್ಲಿ ಯಾವುದೋ ಮಗುವಿನ ಬಲೂನ್ ಒಡೆಯಿತು.

ಮಾವ ನೆಲಕ್ಕೆ ಕುಸಿದ. ಬಿಜಲಿ ಹಗ್ಗ ಜಗ್ಗಿ ಮುಂಗಾಲೆತ್ತಿತು. ಚಾಚಾ "ಹಟೋ ಹಟೋ" ಅನ್ನುತ್ತ ಮೊಮ್ಮಗನನ್ನು ಹಿಂದಕ್ಕೆಳೆದರು. ಅತ್ತೆ ಮಾವನ ಕಡೆ ಓಡಲು ಹೊರಟಳು, ನಾನೇ ಸೆರಗು ಹಿಡಿದು ನಿಲ್ಲಿಸಿದೆ. ಮಾವ ಒಂದು ಮೊಣಕಾಲೂರಿ ಹಾಗೇ ಇದ್ದ. ಬೆವರು ಸುರಿಯುತ್ತಿತ್ತು. ಎದುರಿಗೆ ಕುದುರೆ ಅಷ್ಟೇ ನಡುಗುತ್ತಿತ್ತು, ಮೂಗಿನ ಹೊಳ್ಳೆ ಅರಳಿ, ಕಣ್ಣಿನ ಬಿಳಿ ಕಾಣುವಷ್ಟು. ಅವನ ಕಣ್ಣು ಅದರ ಮೇಲೆ ಬಿತ್ತು. ಏನಾಯಿತೋ, ಎದ್ದ. ನೇರ ಹೋಗಲಿಲ್ಲ. ಮುಖ ಓರೆ ಮಾಡಿಕೊಂಡು, ಕೈ ಕೆಳಗಿಳಿಬಿಟ್ಟು, ಬಳಸಿ ಅದರ ಎಡಭುಜದ ಕಡೆ ನಡೆದ. ಬಾಯಲ್ಲಿ "ಬಿಜಲಿ, ಬಿಜಲಿ ಬೇಟಾ, ಬಸ್, ಬಸ್" ಅನ್ನುವುದು. ಭುಜದ ಪಕ್ಕ ನಿಂತು, ಮುಟ್ಟದೆ, ಉದ್ದಕ್ಕೆ ಉಸಿರು ಬಿಟ್ಟ. ಮತ್ತೆ ಬಿಟ್ಟ. ಮೂರ್ನಾಲ್ಕು ನಿಮಿಷವಾದರೂ ಹಿಡಿಯಿತು. ಮೊದಲು ಒಂದು ಕಿವಿ ಅವನ ಕಡೆ ತಿರುಗಿತು. ಆಮೇಲೆ ಕತ್ತು ಇಳಿಯಿತು, ತುಟಿ ನೆಕ್ಕಿಕೊಂಡು ಏನನ್ನೋ ಜಗಿಯುವ ಹಾಗೆ ದವಡೆ ಆಡಿಸಿತು. ಮಾವ ಅಂಗೈಯನ್ನು ಅದರ ಭುಜದ ಮೇಲಿಟ್ಟ. ಕುದುರೆಯ ಎದೆಬಡಿತ ನಿಧಾನ, ಸುಮ್ಮನಿದ್ದಾಗ ನಿಮಿಷಕ್ಕೆ ಮೂವತ್ತು ನಲವತ್ತು. ನಮ್ಮದರ ಅರ್ಧ. ಆಗ ಅದರದೂ ಓಡುತ್ತಿದ್ದಿರಬೇಕು, ಇವನದೂ ಓಡುತ್ತಿತ್ತು. ಎರಡೂ ಒಟ್ಟಿಗೆ ಇಳಿದವು ಎಂದು ನನಗನ್ನಿಸಿತು. ಅಳೆದು ನೋಡಿದವರಿಲ್ಲ, ಆದರೆ ಮಾವನ ಹೆಗಲು ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ಆಪ್ ಘೋಡೇವಾಲೇ ಹೋ?" ಎಂದು ಚಾಚಾ ಕೇಳಿದರು. "ಖಚ್ಚರ್‌ವಾಲಾ," ಅಂದ ಮಾವ. ಎಷ್ಟೋ ವರ್ಷಗಳ ಮೇಲೆ ಆ ಮಾತು ಅವನ ಬಾಯಿಂದ ಬಂತು.

ಶೇಕೋಟಿ ಹೊತ್ತಿಸಿದರು. ಚಾಚಾ ಚಹ ಕೊಟ್ಟರು. ಮಾವ ಮೊದಲು ಹೇಳಿದ್ದು ಪೆಡೋಂಗಿಯ ಕಥೆ. ಎ.ಟಿ.ಯವರು ಯಾರೇ ಸಿಗಲಿ, ಈ ಕಥೆ ಹೇಳದೆ ಬಿಡುವುದಿಲ್ಲ. 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿಬಿದ್ದ ಖಚ್ಚರ್ ಅದು. ಅವರು ಅದರ ಬೆನ್ನಿಗೆ ಮೆಷಿನ್‌ಗನ್, ಗುಂಡಿನ ಪೆಟ್ಟಿಗೆ ಹೇರಿದರು. ಅದು ಹೇರಿದ್ದನ್ನು ಹೊತ್ತುಕೊಂಡೇ ತಪ್ಪಿಸಿಕೊಂಡು ನಮ್ಮ ಸೇನೆಯ ಕಡೆಗೆ ಬಂದು ನಿಂತಿತು. ಚಾಚಾ ತೊಡೆ ತಟ್ಟಿ ನಕ್ಕರು. ಹುಡುಗ ಇನ್ನೊಂದು ಸಲ ಹೇಳಿಸಿಕೊಂಡ. ಆ ನಗು ಇನ್ನೂ ಇರುವಾಗಲೇ ಮಾವ, ಬೆಂಕಿಯಿಂದ ಕಣ್ಣು ತೆಗೆಯದೆ, "ನನ್ನಾಕಿ ಬರಲಿಲ್ಲ," ಅಂದ. ಕನ್ನಡದಲ್ಲಿ. ಚಾಚಾಗೆ ತಿಳಿಯಲಿಲ್ಲ, ಆದರೂ ನಗು ನಿಲ್ಲಿಸಿದರು.

ಅವನು ಹೇಳಿದ್ದು ಇಷ್ಟು. ದ್ರಾಸ್‌ನ ಬೆಟ್ಟಕ್ಕೆ ಗುಂಡು ಸಾಗಿಸುವುದು ರಾತ್ರಿಯಲ್ಲೇ, ದೀಪವಿಲ್ಲದೆ, ಸದ್ದಿಲ್ಲದೆ. ಖಚ್ಚರಿನ ಬಾಲದ ಹಿಂದೆ ಖಚ್ಚರ್, ನಡುವೆ ಒಬ್ಬೊಬ್ಬ ಆಳು. ಮೇಲಿನಿಂದ ಶೆಲ್ ಬೀಳುತ್ತಿತ್ತು. ಒಂದು ಹಳ್ಳದ ತಿರುವಿನಲ್ಲಿ ಬಿದ್ದ ಶೆಲ್ಲಿಗೆ ಇವನ ಮುಂದಿದ್ದ ಇಬ್ಬರು ಹುಡುಗರು ಹೋದರು. ಇವನ ಹೆಣ್ಣು ಖಚ್ಚರಿಗೆ, ಗೊರಸಿನ ನಂಬರಿನ ಕೊನೆಗೆ ನಾನೂರ ಹನ್ನೆರಡು, ಮುಂಗಾಲಿಗೆ ಚೂರು ಹೊಕ್ಕಿತು. ಮೇಲೆ ಕಾದವರ ಹತ್ತಿರ ಗುಂಡು ಮುಗಿಯುತ್ತ ಬಂದಿತ್ತು. ಅವಳ ಹೇರನ್ನು ಬೇರೆಯವಕ್ಕೆ ಹಂಚಿ, ಅವಳನ್ನು ಅಲ್ಲೇ ಬಿಟ್ಟು ನಡೆಯಬೇಕಾಯಿತು. ಸದ್ದು ಮಾಡುವಂತಿಲ್ಲ, ನೋವು ಮುಗಿಸುವಂತೆಯೂ ಇಲ್ಲ.

"ಬೆಳಕ ಹರಿಯೂದರಾಗ ಇಳದು ಬಂದ್ವಿ. ಬಿಟ್ಟ ಜಾಗಾದಾಗ ನಿಂತಿದ್ಲು. ಮೂರು ಕಾಲ ಮ್ಯಾಲೆ. ನಾ ಹೋದ ದಾರಿಗೆ ಮಾರಿ ಮಾಡಿ." ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. "ಪಶು ಡಾಕ್ಟರ್ ಸಾಹೇಬ್ರು ಬಂದ್ರು. ತಲಿ ನಾನs ಹಿಡಕೊಂಡಿದ್ದೆ. ಆ ಇಬ್ಬರು ಹುಡುಗರ ಹೆಸರು ಸ್ಮಾರಕದಾಗ ಬರದಾರ, ನೋಡಾಕ ಹೋದವರು ಓದ್ತಾರ. ಆಕಿ ನಂಬರ್ ನನ್ನ ಹಂತ್ಯಾಕ ಅಷ್ಟs ಐತಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಇಷ್ಟು ವರ್ಷ ನಿದ್ದೆಯಲ್ಲಿ ಅವನು "ಚಾರ್ ಸೌ ಬಾರಾ" ಎಂದು ಕನವರಿಸುವುದನ್ನು ಕೇಳಿ ಅದು ಯಾವ ಲೆಕ್ಕವೋ ಎಂದು ಅವಳು ಅಂದುಕೊಂಡಿದ್ದಳಂತೆ. ಲಾಡ್ಜಿಗೆ ವಾಪಸು ಬರುವಾಗ ನನಗೆ ಹೇಳಿದಳು.

ಮಾವ ಲಾಡ್ಜಿಗೆ ಬರಲಿಲ್ಲ. ಕುದುರೆಗಳು ನಿಂತೇ ನಿದ್ದೆ ಮಾಡುತ್ತವೆ, ಗಾಢ ನಿದ್ದೆಗೆ ಮಾತ್ರ ಮಲಗುತ್ತವೆ. ಗುಂಪಿನಲ್ಲಿ ಒಂದು ಮಲಗಿದರೆ ಸಾಮಾನ್ಯವಾಗಿ ಇನ್ನೊಂದು ನಿಂತು ಕಾಯುತ್ತದೆ. ಸಂತ್ರಿ ಡ್ಯೂಟಿ, ಅಂದ ಮಾವ. ಬೆಳಗ್ಗೆ ಹೋಗಿ ನೋಡಿದರೆ ಗೋಣಿಚೀಲದ ಮೇಲೆ, ಲಾಯದ ಕಂಬಕ್ಕೆ ತಲೆಕೊಟ್ಟು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅತ್ತೆ ಹಿಂದಿನಿಂದ ಹೋಗಲಿಲ್ಲ. ಎದುರಿಗೆ ನಿಂತು ಹೆಸರು ಹಿಡಿದು ಕರೆದಳು. ಗಂಡನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬಿಜಲಿಯನ್ನು ಮಾರಲಿಲ್ಲ. ಕಡಲೆಗೆ, ತೌಡಿಗೆ ಮಾವ ಪಿಂಚಣಿಯಲ್ಲಿ ದುಡ್ಡು ಕೊಡುತ್ತೇನೆ ಅಂದ, ಚಾಚಾ ಒಪ್ಪಿದರು. ರಜೆ ಸಿಕ್ಕಾಗಲೆಲ್ಲ ಕರ್ಜತ್ ಲೋಕಲ್ ಹತ್ತುತ್ತಿದ್ದ. ಲದ್ದಿ ಬಳಿಯುವುದು, ಖರಾರಾ ಬಾಚಣಿಗೆಯಿಂದ ಮೈ ಉಜ್ಜುವುದು, ಗೊರಸು ಎತ್ತಿ ನೋಡುವುದು, ಲಗಾಮು ಹಿಡಿದು ನಡೆಸುವುದು. ಹತ್ತಿ ಕೂರುವುದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮಾಥೇರಾನದ ಕುದುರೆಗಳು ದಿನವಿಡೀ ಜನ ಹೊತ್ತು ದಣಿಯುವ ಕುದುರೆಗಳು, ಅವುಗಳ ಬೆನ್ನಿನಿಂದ ನಾವು ಇನ್ನೂ ಏನಾದರೂ ಕೇಳುವುದು ಸರಿಯಲ್ಲ ಎಂಬ ಸಂಕಟ ನನಗೆ ಇದ್ದೇ ಇತ್ತು. ಮಾವ ಕೇಳಲಿಲ್ಲ, ಕೊಟ್ಟ.

ಆಮೇಲೆ ನಾನು ಯುದ್ಧದ ನೆನಪು ಬಿಡದ ಯೋಧರಿಗೆ ಕುದುರೆಯ ಒಡನಾಟದಿಂದ ಗುಣವಾಗುವ ವಿಷಯವನ್ನು ಹುಡುಕಿ ಹುಡುಕಿ ಓದಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಯುವಲ್ ನೆರಿಯಾ, ಪ್ರೂಡೆನ್ಸ್ ಫಿಶರ್ ಎಂಬ ತಜ್ಞರು ಇಂಥ 63 ಮಾಜಿ ಯೋಧರನ್ನು ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ಎಂಟು ವಾರ ಕುದುರೆಗಳ ಜತೆ ಬಿಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಲಿಯೂ ಸವಾರಿ ಇಲ್ಲ, ಮೈ ಉಜ್ಜುವುದು, ನಡೆಸುವುದು, ಜತೆಗಿರುವುದು. ಸುಮಾರು ಅರ್ಧದಷ್ಟು ಜನರಿಗೆ ಗಣನೀಯವಾಗಿ ಗುಣ ಕಂಡಿತು. ಹೋಲಿಸಿ ನೋಡಲು ಕುದುರೆ ಇಲ್ಲದ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲವಾದ್ದರಿಂದ ಅದನ್ನೇ ಕೊನೆಯ ಮಾತು ಅನ್ನಲಾಗದು. ಆದರೂ ಓದುವಾಗ ನನಗೆ ಬಿಜಲಿಯ ಕಿವಿ ಕಣ್ಣಿಗೆ ಕಟ್ಟಿತು. ಕುದುರೆ ಬೇಟೆಗೆ ಸಿಗುವ ಪ್ರಾಣಿ. ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ಮೂಗಿನ ಮುಂದೆ ಮತ್ತು ನೇರ ಬೆನ್ನ ಹಿಂದೆ ಬಿಟ್ಟರೆ ಸುತ್ತಲಿನದೆಲ್ಲ ಕಾಣುತ್ತದೆ. ಹುಟ್ಟಿದಾಗಿನಿಂದ ಎಚ್ಚರ. ಆದರೆ ಭಯ ಕಳೆದ ಕೂಡಲೇ ಕತ್ತು ತಗ್ಗಿಸಿ ಮೇಯುತ್ತದೆ. ಮಾವನಿಗೆ ಎಚ್ಚರ ಗೊತ್ತಿತ್ತು, ಅದರಿಂದ ಇಳಿಯುವುದು ಮರೆತುಹೋಗಿತ್ತು. ಹೇಳಿಕೊಡಲು ಮನುಷ್ಯರಿಂದ ಆಗಲಿಲ್ಲ, ಯಾಕೆಂದರೆ ನಾವೆಲ್ಲ ಮೊದಲು ಕಾರಣ ಕೇಳುತ್ತೇವೆ.

ಓದಿದ್ದರಲ್ಲಿ ಇನ್ನೊಂದನ್ನು ಮಾವನಿಗೇ ಹೇಳಿದೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜತೆ 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಕುದುರೆಯ ಮೇಲೆ ನುಗ್ಗಿ ಗೆದ್ದದ್ದು ಅವನಿಗೆ ಗೊತ್ತಿತ್ತು, ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕವನ್ನೂ ನೋಡಿದ್ದ. ಆ ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟಿದ್ದು ಗೊತ್ತಿರಲಿಲ್ಲ. 1930ರಲ್ಲಿ ಕೈರೋಗೆ ಹೋದ ಸೇನಾಧಿಕಾರಿಯ ಹೆಂಡತಿ ಡೊರೊತಿ ಬ್ರೂಕ್, ಮೂಳೆ ಬಿಟ್ಟುಕೊಂಡು ಗಾಡಿ ಎಳೆಯುತ್ತಿದ್ದ ಆ ಮುದಿ ಕುದುರೆಗಳನ್ನು ನೋಡಿ ಇಂಗ್ಲೆಂಡಿನ ಪತ್ರಿಕೆಗೆ ಕಾಗದ ಬರೆದಳು. ಜನ ಹಣ ಕಳಿಸಿದರು, ಅವಳು ಐದು ಸಾವಿರದಷ್ಟು ಕುದುರೆಗಳನ್ನು ಕೊಂಡು ಬಿಡಿಸಿದಳು, 1934ರಲ್ಲಿ ಅಲ್ಲೇ ಆಸ್ಪತ್ರೆ ಕಟ್ಟಿಸಿದಳು. ಬಹುಪಾಲು ಕುದುರೆಗಳು ಉಳಿಯುವ ಸ್ಥಿತಿಯಲ್ಲಿ ಇರಲಿಲ್ಲ. ಅವಕ್ಕೆ ನೋವಿಲ್ಲದ ಸಾವು ಸಿಕ್ಕಿತು. ಮಾವ ಪೂರಾ ಕೇಳಿ, "ಹಂಗಾರ ಯಾರೋ ಒಬ್ಬರು ತಲಿ ಹಿಡಕೊಂಡ್ರು," ಅಂದ. ಆ ರಾತ್ರಿ ನಾನೂರ ಹನ್ನೆರಡರ ವಿಷಯವನ್ನು ಆಸ್ಪತ್ರೆಯ ಡಾಕ್ಟರಿಗೂ ಹೇಳಿದೆ ಎಂದು ತಾನಾಗಿಯೇ ತಿಳಿಸಿದ.

ಪೂರ್ತಿ ಗುಣವಾಯಿತೇ ಎಂದು ಕೇಳುತ್ತೀರಿ. ಇಲ್ಲ. ಮಾತ್ರೆ ಈಗಲೂ ಇದೆ, ಪ್ರಮಾಣ ಕಡಿಮೆ. ಗ್ಯಾಲರಿಯಿಂದ ಹಾಸಿಗೆ ಒಳಗೆ ಬಂದು ವರ್ಷಗಳಾದವು. 2024ರ ಮೇ 23ರಂದು ಎಂಐಡಿಸಿಯಲ್ಲಿ ಮತ್ತೊಂದು ಕಾರ್ಖಾನೆ ಸಿಡಿದಾಗ ನಾನು ಅವರ ಮನೆಯಲ್ಲೇ ಇದ್ದೆ. ಮಾವ ಗೋಡೆ ಹಿಡಿದು ಕೂತ, ಮುಖ ಬಿಳಿಚಿತು, ತುಟಿ ನಡುಗಿತು. ಅತ್ತೆ ಎಡಗಡೆಯಿಂದ ಬಂದು, ಮುಟ್ಟದೆ, ಪಕ್ಕದಲ್ಲಿ ಕೂತು ಉದ್ದಕ್ಕೆ ಉಸಿರು ಬಿಡತೊಡಗಿದಳು. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಚಪ್ಪಲಿ ಮೆಟ್ಟಿ, ಕೆಳಗಿನ ಮನೆಯ ಅಜ್ಜಿಯನ್ನು ಹೊರಗೆ ಕರೆತರಲು ಹೋದ.

ಹೋದ ಚಳಿಗಾಲದಲ್ಲಿ ಮಾವ ತನ್ನ ಜತೆ ಗೇಟಿನಲ್ಲಿ ಕೆಲಸ ಮಾಡಿದ್ದ ಇನ್ನೊಬ್ಬ ಮಾಜಿ ಜವಾನನನ್ನು ಮಾಥೇರಾನಕ್ಕೆ ಕರೆತಂದಿದ್ದ. ನಲವತ್ತು ದಾಟಿದ ಸಾತಾರಾ ಕಡೆಯ ಮನುಷ್ಯ. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದ, ಒಂದು ಮಾತಿಲ್ಲ. ಬಿಜಲಿಗೆ ಈಗ ವಯಸ್ಸಾಗಿದೆ, ಬಾಡಿಗೆಗೆ ಹೋಗುವುದಿಲ್ಲ. ಲಾಯದ ಮುಂದೆ ಆತ ಕೈಕಟ್ಟಿ ದೂರ ನಿಂತಿದ್ದ. ಯಾವ ಯೂನಿಟ್ಟು, ಎಲ್ಲಿದ್ದಿರಿ ಎಂದು ಮಾತು ತೆಗೆಯಲು ನಾನು ಬಾಯಿ ತೆರೆದೆ.

"ಯವ್ವಾ, ಏನೂ ಕೇಳಬ್ಯಾಡ," ಅಂದ ಮಾವ. "ಆ ಖರಾರಾ ತಗೊಂಡು ಅವನ ಕೈಯಾಗ ಕೊಡು. ಆಕಿ ಹೆಸರೇನು ಅಂತ ಅಷ್ಟು ಹೇಳು."